ದೊರೆಗೆ ಇಕ್ಕಿದ ಎಡೆ

ಹೊನ್ನೆಕೊಪ್ಪಲಿನ ಚೌಕದಲ್ಲಿ ಎದೆಮಟ್ಟದ ಪ್ರತಿಮೆಯ ಮೇಲಿನ ಬಟ್ಟೆ ಸರಿದಾಗ ಜನರೆಲ್ಲ ಚಪ್ಪಾಳೆ ತಟ್ಟಿದರು. ಪಾಪಮ್ಮ ಮಾತ್ರ ಪ್ರತಿಮೆಯ ಎಡಗಿವಿಯನ್ನೇ ನೋಡುತ್ತಿದ್ದಳು. ಕಿವಿ ಇಡಿಯಾಗಿತ್ತು. ಅವಳ ಮಗನಿಗೆ ಆರು ವರ್ಷವಿದ್ದಾಗ ಎಮ್ಮೆಯ ಕೊಂಬು ತಗುಲಿ ಆ ಕಿವಿಯ ತುದಿ ಹರಿದಿತ್ತು. ಅರಿಸಿನ ಮೆತ್ತಿ ಕಟ್ಟಿದರೂ ಕೂಡಿಕೊಳ್ಳಲಿಲ್ಲ. ಮಿಲಿಟರಿ ಫೋಟೊ ನೋಡಿ ಮುಖ ಮಾಡಿದ ಮೈಸೂರಿನ ಶಿಲ್ಪಿಗೆ ಅದೆಲ್ಲ ಹೇಗೆ ತಿಳಿಯಬೇಕು? ಮೀಸೆಯನ್ನಂತೂ ಪೊರಕೆಯಷ್ಟು ದಪ್ಪ ಮಾಡಿ ಕೂರಿಸಿದ್ದ. ದೊರೆಸ್ವಾಮಿ ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆದರೂ ಪಾಪಮ್ಮ, ಮೈಕಿನಲ್ಲಿ ಯಾರೂ ತನ್ನ ಹೆಸರು ಕರೆಯದಿದ್ದರೂ, ಎದ್ದು ಹೋಗಿ ಆ ಕೆನ್ನೆ ಮುಟ್ಟಿದಳು. ಬಿಸಿಲಿಗೆ ಕಾದಿತ್ತು. ಜ್ವರ ಬಂದವನ ಕೆನ್ನೆ ಮುಟ್ಟಿದ ಹಾಗೆ ಕೈ ಚುರುಕ್ಕೆಂದಿತು. ಕಾರ್ಗಿಲ್ ಯುದ್ಧ ಮುಗಿದು ಇಪ್ಪತ್ತೈದು ವರ್ಷ. ಮಗನ ಮುಖ ಅಂತ ಒಂದು ಅವಳ ಕೈಗೆ ಸಿಕ್ಕಿದ್ದು ಅವತ್ತೇ. ಅವನು ಬಂದ ಪೆಟ್ಟಿಗೆಗೆ ಮೊಳೆ ಹೊಡೆದಿತ್ತು. ತೆರೆಯಬಾರದು ಅಂದಿದ್ದರು.

ಭಾಷಣ ಮಾಡಿದವರೆಲ್ಲ ದೊರೆಸ್ವಾಮಿ ಈ ಊರಿನ ಮಗ ಅಂದರು. ಪೀಠದ ಮೇಲೆ ಹಿತ್ತಾಳೆಯ ಅಕ್ಷರದಲ್ಲೂ ಅದನ್ನೇ ಕೂರಿಸಿದ್ದರು: ಊರಿನ ಮಗ, ವೀರಯೋಧ ದೊರೆಸ್ವಾಮಿ. ಅವನು ಬದುಕಿದ್ದಷ್ಟು ದಿನ ಮೇಲಿನ ಬೀದಿಯವರು ಅವನ ಹೆಸರನ್ನು ಬಾಯಿ ತುಂಬ ಕರೆದದ್ದೇ ಇಲ್ಲ. ಕೇರಿಯ ಹುಡುಗನನ್ನು ‘ದೊರೆ’ ಅಂತ ಕೂಗುವುದು ಹೇಗೆ? ‘ಚಲುವಯ್ಯನ ಹೈದ’ ಅಂದರೆ ಕೆಲಸ ಮುಗಿಯುತ್ತಿತ್ತು. ಆ ನಾಲಿಗೆಗಳು ಈ ಹೆಸರಿಗೆ ಹೊರಳಬೇಕಾದರೆ ಅವನು ಇಪ್ಪತ್ತನಾಲ್ಕು ತುಂಬುವಷ್ಟರಲ್ಲಿ ಹಿಮದ ಬೆಟ್ಟದ ಮೇಲೆ ಸಾಯಬೇಕಾಯಿತು.

ಪಾಪಮ್ಮನಿಗೆ ಅದರ ಮೇಲೆ ಸಿಟ್ಟಿರಲಿಲ್ಲ, ಇದ್ದ ಸಿಟ್ಟು ಹಳತಾಗಿ ಹೋಗಿತ್ತು. ಅವಳ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ನಡೆದಿತ್ತು. ಮಗ ಇಲ್ಲಿದ್ದಾನೆ. ಇಷ್ಟು ವರ್ಷ ತಾನು ಎಡೆ ಇಕ್ಕಿದ್ದು ತಪ್ಪು ಜಾಗದಲ್ಲಿ.

ಎಡೆ ಅಂದರೆ ಮಾರ್ಲಾಮಿಯ ಎಡೆ. ಮಹಾಲಯ ಅಮಾವಾಸ್ಯೆಯ ದಿನ ಸತ್ತವರು ಮನೆಗೆ ಉಣ್ಣಲು ಬರುತ್ತಾರೆ. ಅವರಿಗೆ ಇಷ್ಟವಾದದ್ದನ್ನು ಬೇಯಿಸಿ, ಬಾಳೆಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸಬಟ್ಟೆ ಇಟ್ಟು, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವರು ಉಣ್ಣುವಾಗ ಬದುಕಿದ್ದವರ ಕಣ್ಣು ಬೀಳಬಾರದು. ಬಿದ್ದರೆ ನಾಚಿಕೊಂಡು ಎದ್ದು ಹೋಗಿಬಿಡುತ್ತಾರೆ. ಒಂದಿಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆದು, ಆ ಎಡೆಯನ್ನು ಎಲ್ಲರೂ ಹಂಚಿಕೊಂಡು ತಿನ್ನುವುದು. ತಿನ್ನುವ ಮೊದಲು ಪಾಪಮ್ಮ ಒಂದು ಕೆಲಸ ಮಾಡುತ್ತಿದ್ದಳು. ಬಗ್ಗಿ ಮುದ್ದೆಯನ್ನು ನೋಡುತ್ತಿದ್ದಳು. ಬಂದವರು ಉಂಡಿದ್ದರೆ ಮುದ್ದೆಯ ಮೇಲೆ ಬೆರಳಿನ ಗುರುತಿರುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು.

ಗಂಡ ಚಲುವಯ್ಯ ಸತ್ತು ಎಂಟು ವರ್ಷ. ಮೊದಲ ವರ್ಷವೇ ಅವನ ಮುದ್ದೆಯ ನೆತ್ತಿ ತಗ್ಗಾಗಿತ್ತು. ಕುಡುಕನಾದರೂ ಮನೆಯ ದಾರಿ ಮರೆತವನಲ್ಲ ಅಂತ ಅವತ್ತು ನೆರೆಮನೆಯ ಸಣ್ಣಯ್ಯ ನಗಾಡಿದ್ದ. ದೊರೆಯ ಮುದ್ದೆ ಮಾತ್ರ ಇಪ್ಪತ್ತೈದು ವರ್ಷವೂ ಕೈಯಿಂದ ತೊಳಸಿ ಇಟ್ಟಾಗ ಹೇಗಿತ್ತೋ ಹಾಗೇ, ನುಣ್ಣಗೆ.

ಯಾಕೆ ಅಂತ ಅವಳಿಗೆ ಒಳಗೊಳಗೇ ಗೊತ್ತಿತ್ತು. ಹೆಣ ಮನೆಯ ಹೊಸಿಲಿಗೆ ಬಂದು, ಅಲ್ಲಿಂದ ಹೊರಡಬೇಕು. ಮಗನನ್ನು ಹಾಗೆ ತರಲಿಲ್ಲ. ಮಿಲಿಟರಿ ಲಾರಿ ದೇವಸ್ಥಾನದ ಬೀದಿಯಲ್ಲಿ ಬಂತು. ಆ ಬೀದಿಯಲ್ಲಿ ಕೇರಿಯವನೊಬ್ಬ ಮೆರವಣಿಗೆಯಲ್ಲಿ ಹೋದದ್ದು ಅದೇ ಮೊದಲು, ಅದೂ ಮಲಗಿಕೊಂಡು. ಚೌಕದಲ್ಲಿ ಪೆಟ್ಟಿಗೆ ಇಳಿಸಿದರು. ಹಾರ ಹಾಕುವವರು ಹಾಕಿದರು, ಬಂದೂಕು ಹಾರಿಸುವವರು ಹಾರಿಸಿದರು. ಕೇರಿಯ ಓಣಿಗೆ ಲಾರಿ ತಿರುಗುವುದಿಲ್ಲ ಅಂದರು. ನಾವೇ ಹೊತ್ತುಕೊಂಡು ಹೋಗುತ್ತೇವೆ, ಒಂದು ಗಳಿಗೆ ಹೊಸಿಲ ಮುಂದೆ ಇಳಿಸಿ ತರುತ್ತೇವೆ ಅಂತ ಚಲುವಯ್ಯ ಒಬ್ಬೊಬ್ಬರ ಕಾಲು ಹಿಡಿದ. ಹೊತ್ತಾಗುತ್ತದೆ, ದೊಡ್ಡವರೆಲ್ಲ ಕಾಯುತ್ತಿದ್ದಾರೆ ಅಂದರು. ಚೌಕದಿಂದ ನೇರ ಕಪಿಲೆಯ ದಂಡೆಯ ಸ್ಮಶಾನಕ್ಕೆ. ನೂರೈವತ್ತು ಹೆಜ್ಜೆ ದೂರದಲ್ಲಿದ್ದ ಮನೆಗೆ ಮಗ ಬರಲೇ ಇಲ್ಲ.

ಅಂದಮೇಲೆ ಅವನು ಚೌಕದಲ್ಲೇ ಕೂತಿದ್ದಾನೆ. ಇಪ್ಪತ್ತೈದು ಮಾರ್ಲಾಮಿ ಹಸಿದುಕೊಂಡು ಕೂತಿದ್ದಾನೆ. ಅವಳಿಗೋ ಎಪ್ಪತ್ತೆರಡಾಯಿತು. ಉಳಿದಿರುವ ಮಗಳು ಸುನೀತಾ ಇನ್ನೊಂದು ಮನೆಗೆ ಕೊಟ್ಟವಳು, ಅವಳ ಒಲೆಯ ಎಡೆ ಆ ಮನೆಯ ಹಿರಿಯರಿಗೆ. ತಾನು ಕಣ್ಣು ಮುಚ್ಚಿದರೆ ದೊರೆಗೆ ಮುದ್ದೆ ಇಕ್ಕುವವರು ಯಾರೂ ಇಲ್ಲ. ಈ ವರ್ಷ ಇಕ್ಕಿದರೆ ಇಕ್ಕಿದ ಹಾಗೆ.

ಚೌಕದಲ್ಲೇ ಎಡೆ ಇಕ್ಕುತ್ತೇನೆ ಅಂತ ಮಗಳಿಗೆ ಹೇಳಿದಾಗ ಅವಳು ಬೇಡ ಅನ್ನಲಿಲ್ಲ. ಏನು ಅಡುಗೆ ಅಂತ ಮಾತ್ರ ಕೇಳಿದಳು.

“ಇನ್ನೇನವ್ವ? ಒಳೆ ಮೀನಿನ ಸಾರು, ಮುದ್ದೆ.”

“ದೇವಸ್ಥಾನದ ಎದ್ರುಗೆ?”

“ದೇವ್ರ ಎದ್ರುಗೆ ಅವ್ನ ಕೂರ್ಸಿದ್ದು ನಾನಾ?”

ಸುನೀತಾ ಸರ್ಕಾರಿ ಬಸ್ಸಿನ ಕಂಡಕ್ಟರು. ನರಸೀಪುರದಿಂದ ನಂಜನಗೂಡಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಡ್ಯೂಟಿ. ಮಾರನೆಯ ದಿನ ಪಾಪಮ್ಮ ಅದೇ ಬಸ್ಸಿಗೆ ಕೈ ಅಡ್ಡ ಹಿಡಿದಳು. ಹೆಂಗಸರಿಗೆ ಟಿಕೆಟ್ಟಿಲ್ಲದಿದ್ದರೂ ಮಗಳು ಎಲ್ಲರ ಮುಂದೆ ಆಧಾರ್ ಕಾರ್ಡು ತೋರಿಸು ಅಂದಳು. ಹೆತ್ತವಳ ಗುರುತಿಗೆ ಸರ್ಕಾರದ ಕಾಗದ ಬೇಕಾಯಿತಾ ಅಂತ ಪಾಪಮ್ಮ ಬೈದಾಗ ಬಸ್ಸೇ ನಕ್ಕಿತು.

ಅವಳು ಹೊರಟಿದ್ದು ಗಂಗಾಧರಸ್ವಾಮಿಯ ಗೊಬ್ಬರದ ಅಂಗಡಿಗೆ. ಹೊನ್ನೆಕೊಪ್ಪಲಿನ ಯಜಮಾನ ಅವನು; ಮಠಕ್ಕೆ ನಡೆದುಕೊಳ್ಳುವ ದೊಡ್ಡ ಮನೆತನ. ಪ್ರತಿಮೆಗಾಗಿ ಎರಡು ವರ್ಷ ಕಚೇರಿ ಕಚೇರಿ ಅಲೆದವನೂ ಅವನೇ. ಯಾರ ಒತ್ತಾಯಕ್ಕೂ ಅಲ್ಲ. ದೊರೆಸ್ವಾಮಿಯ ಜೊತೆ ಒಂದೇ ಸೈಕಲ್ಲಿನಲ್ಲಿ ನರಸೀಪುರದ ಹೈಸ್ಕೂಲಿಗೆ ಹೋದವನು, ಆ ಪ್ರೀತಿಗೆ. ಸೈಕಲ್ಲು ಇವನದು, ತುಳಿಯುವ ಕಾಲು ದೊರೆಯದು.

ಅವನ ಊರಿನ ಮನೆಗೆ ಹೋಗಬಹುದಿತ್ತು. ಆದರೆ ಅಲ್ಲಿ ಪಾಪಮ್ಮ ಜಗಲಿಯ ಕೆಳಗೆ ನಿಂತು ತಲೆ ಎತ್ತಿ ಮಾತಾಡಬೇಕು. ನಂಜನಗೂಡಿನ ಅಂಗಡಿಯಲ್ಲಿ ಕುರ್ಚಿ ಸಿಗುತ್ತದೆ. ಅವತ್ತೂ ಸಿಕ್ಕಿತು. ‘ಬನ್ನಿ, ಕೂತ್ಕೊಳಿ’ ಅಂದ. ಟೀ ತರಿಸಿದ, ತಾನು ಕುಡಿಯುವಂಥದೇ ಗಾಜಿನ ಲೋಟದಲ್ಲಿ. ನಂಜನಗೂಡಿನಲ್ಲಿ ‘ಬನ್ನಿ’, ಹೊನ್ನೆಕೊಪ್ಪಲಿನಲ್ಲಿ ‘ಬಾ’. ನಡುವೆ ಇದ್ದದ್ದು ಹದಿನೆಂಟು ಕಿಲೋಮೀಟರು ಅಷ್ಟೇ.

ಚೌಕದಲ್ಲಿ ಎಡೆ ಇಕ್ಕಬೇಕು ಅಂದಾಗ ಅವನ ಮುಖ ಅರಳಿತು. ಎಂಥ ಒಳ್ಳೆಯ ಮಾತು, ತಾನೇ ಒಂದು ಗೊನೆ ರಸಬಾಳೆ ತರುತ್ತೇನೆ, ತೆಂಗಿನಕಾಯಿ, ಸಿಹಿ ಪೊಂಗಲ್ಲು ತನ್ನ ಮನೆಯದೇ ಇರಲಿ ಅಂದ.

“ಅವ್ನು ಅಣ್ಣುಗಿಣ್ಣು ತಿನ್ನೋನಲ್ಲ ಬುದ್ದಿ. ಮೀನ್ಸಾರು, ಮುದ್ದೆ. ಅವ್ನಿಗೆ ಏನು ಇಷ್ಟ ಅಂತ ತಮಗೆ ಗೊತ್ತಿಲ್ವಾ?”

ಗಂಗಾಧರಸ್ವಾಮಿ ಲೋಟ ಕೆಳಗಿಟ್ಟ. ಗೊತ್ತಿತ್ತು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮೂವತ್ತಮೂರು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ.

ದೊರೆ ಒಂಬತ್ತನೇ ಕ್ಲಾಸಿಗೆ ಬಂದ ವರ್ಷದಿಂದ ಡಬ್ಬಿಗೆ ಎರಡು ಮುದ್ದೆ ಕಟ್ಟು ಅಂತ ಹಟ ಮಾಡುತ್ತಿದ್ದ. ಇನ್ನೊಂದು ಯಾರಿಗೆ ಅಂತ ಕೇಳಿದರೆ ‘ಒಬ್ಬ ಅಸ್ಕಂಡಿರ್ತಾನೆ ಕಣವ್ವ’ ಅನ್ನುತ್ತಿದ್ದ. ಸಂಜೆ ಡಬ್ಬಿ ತೊಳೆದಂತೆ ಬರುತ್ತಿತ್ತು. ಆ ಒಬ್ಬ ಯಾರು ಅಂತ ಗೊತ್ತಾದದ್ದು ಒಂದು ಭಾನುವಾರ. ಹೊಳೆಯ ದಂಡೆಯಲ್ಲಿ ಕೂತು ತಿನ್ನುವಾಗ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ, ಕಣ್ಣಲ್ಲಿ ನೀರು ಹರಿಸುತ್ತ, ದೊಡ್ಡ ಮನೆಯ ಹುಡುಗ ಅವಳ ಹಿತ್ತಲಿಗೆ ಬಂದು ಕುಕ್ಕುರುಗಾಲಿನಲ್ಲಿ ಕೂತಿದ್ದ. ಪಾಪಮ್ಮ ಒಣ ಅನ್ನವನ್ನು ಗಟ್ಟಿಯಾಗಿ ಉಂಡೆ ಮಾಡಿ ತನ್ನ ಕೈಯಾರ ಅವನ ಬಾಯಿಗೆ ತುರುಕಿ, ಬೆನ್ನು ನೀವಿ, ನುಂಗಿಸಿದಳು. ಮುಳ್ಳು ಇಳಿಯಿತು. ಹುಡುಗ ಅವಳ ಸೆರಗಿನಲ್ಲೇ ಮೂಗು ಒರೆಸಿಕೊಂಡು, ಅವ್ವಾ ನಮ್ಮನೇಲಿ ಹೇಳಬೇಡ ಅಂದ. ಅವಳು ಗಂಡನಿಗೂ ಹೇಳಲಿಲ್ಲ.

ಈಗ ಆ ಹುಡುಗನಿಗೆ ಐವತ್ತರ ಹತ್ತಿರ, ಮೀಸೆ ಬೆಳ್ಳಗಾಗಿದೆ. ಅವನು ಗೊಬ್ಬರದ ಮೂಟೆಗಳ ಕಡೆ ನೋಡುತ್ತ, ತಾನೊಬ್ಬನೇ ಆಗಿದ್ದರೆ ಬೇರೆ ಮಾತು, ಬೀದಿಯವರು ಒಪ್ಪುವುದಿಲ್ಲ, ಹೊಳೆದಂಡೆಯ ಸಮಾಧಿಯ ಹತ್ತಿರ ಇಡಿ, ತಾನೇ ಅಲ್ಲಿ ನೆರಳು ಮಾಡಿಸಿಕೊಡುತ್ತೇನೆ ಅಂದ.

“ಅಲ್ಲಿ ಇರೋದು ಮೂಳೆ ಬುದ್ದಿ. ಮಗ ಚೌಕದಲ್ಲಿ ಕುಂತವ್ನೆ. ಊರಿನ ಮಗ ಅಂತ ನೀವೇ ಬರ್ಸಿದ್ದೀರಿ. ಮಗನ್ನ ಕರೆದು ಕೂರ್ಸ್ಕಂಡು, ಅವ್ನ ಊಟ ಮಾತ್ರ ಆಚೆ ಇಡು ಅಂದ್ರೆ ಎಂಗೆ?”

ಅವನು ಪಂಚಾಯ್ತಿ ಸೇರಿಸುತ್ತೇನೆ ಅಂದ. ಹೋಗುವಾಗ ಎರಡು ಚಿಪ್ಪು ರಸಬಾಳೆ ಕೊಟ್ಟ. ಬಸ್ಸಿನಲ್ಲಿ ಸುನೀತಾಳೂ ಡ್ರೈವರೂ ಅದನ್ನು ತಿಂದರು.

ಪಂಚಾಯ್ತಿ ದೇವಸ್ಥಾನದ ಮುಂದಿನ ಅರಳಿಕಟ್ಟೆಯಲ್ಲಿ ಸೇರಿತು. ಮೇಲಿನ ಬೀದಿಯವರು ಕಟ್ಟೆಯ ಮೇಲೆ, ಕೇರಿಯವರು ಕೆಳಗೆ ನಿಂತು. ಅದಕ್ಕೆ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಹೆಚ್ಚು ಮಾತಾಡಿದವನು ನಂಜುಂಡೇಶ್. ಗ್ರಾಮ ಪಂಚಾಯ್ತಿ ಮೆಂಬರು, ಮೂವತ್ತು ದಾಟಿಲ್ಲ. ದೊರೆ ಸತ್ತಾಗ ಅಂಗನವಾಡಿಯಲ್ಲಿದ್ದವನು. ಯೋಧನಿಗೆ ಅವಮಾನವಾಗುತ್ತದೆ ಅಂದ. ದೇವರಿಗೆ ಮೀನಿನ ವಾಸನೆ ಬಡಿಯುತ್ತದೆ ಅಂದ. ಈ ವರ್ಷ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಿದ್ದಿದೆ, ಬನ್ನೂರಿನ ಕುರಿ ಅಂಗಡಿಗೂ ಅವತ್ತು ಬೀಗ, ಅಂಥಾದ್ದರಲ್ಲಿ ಊರ ನಡುವೆ ಬಾಡೂಟವಾ ಅಂದ.

“ಇವತ್ತು ಮೀನು ಅಂತೀರಿ. ನಾಳೆ ರಮ್ಮೂ ಇಡ್ತೀವಿ ಅಂತೀರಿ.”

“ಅಪ್ಪಾ, ಅವ್ನು ಮಿಲಿಟ್ರೀನೋನು,” ಅಂದ ಸಣ್ಣಯ್ಯ ಕೆಳಗಿನಿಂದ. “ರಮ್ಮು ಸರ್ಕಾರವೇ ಕೊಡ್ತಿತ್ತು. ರಜಕ್ಕೆ ಬಂದಾಗ ಅದ್ರಲ್ಲಿ ಅರ್ಧ ಕುಡ್ದೋರು ಈ ಕಟ್ಟೆ ಮೇಲೆ ಎಷ್ಟು ಜನ ಅವ್ರೆ, ಎಣಿಸ್ಲಾ?”

ನಗು ಎದ್ದಿತು, ಕಟ್ಟೆಯ ಮೇಲೂ ಎದ್ದಿತು, ಕೂಡಲೇ ಅಡಗಿತು. ನಂಜುಂಡೇಶನ ದನಿ ಗಡುಸಾಯಿತು. ಈ ಬೀದಿಯಲ್ಲಿ ಹುಟ್ಟಿದವರು ಯಾರೂ ಇಂಥದನ್ನು ಬಾಯಿಗಿಡುವುದಿರಲಿ, ನೋಡಿದವರೂ ಅಲ್ಲ, ಬೇಕಾದರೆ ಯಜಮಾನರನ್ನೇ ಕೇಳಿ ಅಂದ.

ಎಲ್ಲರೂ ಗಂಗಾಧರಸ್ವಾಮಿಯ ಕಡೆ ನೋಡಿದರು. ಪಾಪಮ್ಮನೂ ನೋಡಿದಳು. ಒಂದು ಮಾತು ಸಾಕಿತ್ತು. ಗಂಟಲಿನ ಮುಳ್ಳಿನ ಕಥೆ ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಿಟ್ಟಿದ್ದರೆ ಕಟ್ಟೆ ಬಿರಿಯುತ್ತಿತ್ತು. ಗಂಗಾಧರಸ್ವಾಮಿ ಅಂಗಿಯೊಳಗಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ನೆಲ ನೋಡುತ್ತಿದ್ದ. ಅವನ ಕತ್ತಿನ ಗಂಟು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು, ಆವತ್ತು ಹಿತ್ತಲಿನಲ್ಲಿ ಅನ್ನದ ಉಂಡೆ ನುಂಗಿದಾಗ ಹೋದ ಹಾಗೆಯೇ. ಪಾಪಮ್ಮ ಸೆರಗು ಸರಿಮಾಡಿಕೊಂಡು ಸುಮ್ಮನಾದಳು.

ಆಮೇಲೆ ಕೇರಿಗೆ ಬರುವ ದಾರಿಯಲ್ಲಿ ಸುನೀತಾ ಅವ್ವನ ಮೇಲೆ ಹರಿಹಾಯ್ದಳು. ಅವಳಿಗೆ ಆ ಕಥೆ ಗೊತ್ತಿತ್ತು, ಅಣ್ಣ ಹೇಳಿದ್ದ. ಯಾಕೆ ಬಿಟ್ಟೆ, ಎಲ್ಲರ ಎದುರು ಹೇಳಿದ್ದರೆ ಅವರ ಮಡಿ ಅಲ್ಲೇ ಕಳಚಿ ಬೀಳುತ್ತಿತ್ತು ಅಂದಳು.

“ನನ್ ಮಗ ಅವ್ನಿಗೆ ಪ್ರೀತಿಲಿ ಇಕ್ಕಿದ್ದು ಕಣವ್ವ,” ಅಂದಳು ಪಾಪಮ್ಮ. “ಇಕ್ಕಿದ ಅನ್ನವ ಎತ್ತಿ ಮುಖಕ್ಕೆ ಎಸೆಯಾಕಾಯ್ತದಾ?”

ಅವರು ಕಟ್ಟೆ ಬಿಟ್ಟು ಹೊರಡುವ ಮೊದಲೇ ಪಂಚಾಯ್ತಿಯ ತೀರ್ಮಾನ ಆಗಿತ್ತು. ಬೇಡ ಅನ್ನಲು ಅವರಿಗೆ ಕಾನೂನಿನ ಹೆದರಿಕೆ. ಚೌಕ ಸರ್ಕಾರದ ಜಾಗ, ಪೀಠದ ಮೇಲಿನ ‘ಊರಿನ ಮಗ’ ಎಂಬ ಅಕ್ಷರವೂ ತಾವೇ ಬರೆಸಿದ್ದು. ಸರಿ ಅನ್ನಲು ಮನಸ್ಸಿಲ್ಲ. ಕೊನೆಗೆ ನಂಜುಂಡೇಶ್ ಎದ್ದು ನಿಂತು ಹೇಳಿದ: ಅವರು ಇಡುವುದಾದರೆ ಇಟ್ಟುಕೊಳ್ಳಲಿ, ಆದರೆ ಆ ಹೊತ್ತಿಗೆ ಮೇಲಿನ ಬೀದಿಯ ಅಷ್ಟೂ ಮನೆಯ ಬಾಗಿಲು ಮುಚ್ಚುತ್ತದೆ. ದೇವಸ್ಥಾನದ ಬಾಗಿಲೂ ಮುಚ್ಚುತ್ತದೆ. ಅದನ್ನೆಲ್ಲ ಎತ್ತಿ ತೊಳೆಯುವ ತನಕ ಒಂದು ನರಪಿಳ್ಳೆ ಆಚೆ ಬರುವುದಿಲ್ಲ. ಯಾರೂ ಕಿಟಕಿಯಿಂದಲೂ ಮುಖ ನೋಡುವುದಿಲ್ಲ.

“ಒಬ್ರೂ ನೋಡಲ್ವಾ ಬುದ್ದಿ?” ಪಾಪಮ್ಮ ಕೇಳಿದಳು.

“ಒಬ್ರೂ ನೋಡಲ್ಲ.”

“ಎಲ್ಲಾ ಬಾಗ್ಲೂ?”

“ಎಲ್ಲಾ ಬಾಗ್ಲೂ.”

ಪಾಪಮ್ಮ ಎರಡೂ ಕೈ ಜೋಡಿಸಿದಳು. ಅವಳ ಕಣ್ಣು ತುಂಬಿತ್ತು. ಕಟ್ಟೆಯ ಮೇಲಿದ್ದವರು ಅದನ್ನು ಅಳು ಅಂದುಕೊಂಡರು. ಕೇರಿಯವರಿಗೆ ಮಾತ್ರ ಗೊತ್ತಾಯಿತು. ಮಗಳಿಗೆ ವಿಷಯ ಹೇಳಿದ ದಿನದಿಂದ ಅವಳು ಕೊರಗುತ್ತಿದ್ದದ್ದು ಒಂದೇ: ಮನೆಯಾದರೆ ಬಾಗಿಲು ಮುಚ್ಚಬಹುದು, ಬಯಲು ಚೌಕದಲ್ಲಿ ಸತ್ತವನು ಉಣ್ಣುವಾಗ ಯಾರ ಕಣ್ಣೂ ಬೀಳದ ಹಾಗೆ ಮಾಡುವುದು ಹೇಗೆ? ಆ ಕೆಲಸವನ್ನು ಮೇಲಿನ ಬೀದಿಯವರು ತಾವೇ ವಹಿಸಿಕೊಂಡಿದ್ದರು. ಮುಖ ತಿರುಗಿಸುವುದರಲ್ಲಿ ಅವರಿಗೆ ತಲೆಮಾರುಗಳ ಅಭ್ಯಾಸವಿತ್ತು. ಅದು ಒಂದು ದಿನ ಒಬ್ಬ ಹಸಿದವನ ಉಪಯೋಗಕ್ಕೆ ಬರುವುದಾದರೆ ಬರಲಿ.

ಕೇರಿಯ ಹುಡುಗರು ಮಾತ್ರ ಕುದಿಯುತ್ತಿದ್ದರು. ಇದು ಬಹಿಷ್ಕಾರ, ಕೇಸು ಹಾಕೋಣ, ಪೊಲೀಸರನ್ನು ನಿಲ್ಲಿಸಿಕೊಂಡೇ ಎಡೆ ಇಡೋಣ ಅಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಪಾಪಮ್ಮನೂ ತಪ್ಪು ಅನ್ನಲಿಲ್ಲ.

“ಅಮಾಸೆ ಕಳೀಲಿ, ಆಮೇಲೆ ಏನ್ ಬೇಕಾದ್ರೂ ಮಾಡಿ, ನಾನೇ ಎಬ್ಬೆಟ್ಟು ಒತ್ತೀನಿ. ಅವತ್ತೊಂದಿನ ಬ್ಯಾಡ. ಲಾಠಿ ನೋಡ್ಕಂಡು ಉಂಡ್ರೆ ಮೈಗತ್ತದಾ ಮಗಾ?”

ಅಮಾವಾಸ್ಯೆಯ ಹಿಂದಿನ ದಿನ ಸಣ್ಣಯ್ಯ ಕಪಿಲೆಗೆ ಬಲೆ ಬಿಟ್ಟು ಅಂಗೈ ಅಗಲದ ಮೀನುಗಳನ್ನು ತಂದ. ಪಾಪಮ್ಮ ಬೂದಿ ಹಾಕಿ ಉಜ್ಜಿ ತೊಳೆದು, ಹುಣಸೆಹಣ್ಣು ಕಿವುಚಿ, ಆ ರಾತ್ರಿಯೇ ಮಣ್ಣಿನ ಗಡಿಗೆಯಲ್ಲಿ ಸಾರು ಕಾಯಿಸಿಟ್ಟಳು. ಮೀನಿನ ಸಾರು ಒಂದು ದಿನ ಹಳತಾದರೇ ರುಚಿ. ದೊರೆ ತಂಗಳು ಸಾರಿಗೆ ಜಗಳವಾಡುತ್ತಿದ್ದ. ಬೆಳಿಗ್ಗೆ ಸುನೀತಾ ನಂಜನಗೂಡಿನಿಂದ ತಂದಿದ್ದ ಹೊಸ ಶರ್ಟು ಬಿಚ್ಚಿ ತೋರಿಸಿದಳು. ನೀಲಿ ಗೆರೆಯದು. ಪಾಪಮ್ಮ ಅದನ್ನು ಗಾಳಿಯಲ್ಲಿ ಹಿಡಿದು ಅಗಲ ನೋಡಿದಳು. ಇದು ಇಪ್ಪತ್ತನಾಲ್ಕರ ಹೈದನ ಅಳತೆ, ಈಗ ಅವನಿಗೆ ಐವತ್ತರ ಹತ್ತಿರ, ಸಾಲುತ್ತದಾ ಅಂತ ಕೇಳಿದಳು.

“ಸತ್ತೋರ್ಗೆ ಒಟ್ಟೆ ಬರಲ್ಲ ಕಣವ್ವ,” ಅಂದಳು ಮಗಳು. ಅಂದವಳು ಶರ್ಟಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ತೆಗೆಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೇರಿ ಹೊರಟಿತು. ತಮಟೆ ಇರಲಿಲ್ಲ, ಘೋಷಣೆ ಇರಲಿಲ್ಲ. ಪಾಪಮ್ಮನ ತಲೆಯ ಮೇಲೆ ಸಾರಿನ ಗಡಿಗೆ, ಸುನೀತಾಳ ಕೈಯಲ್ಲಿ ಬಾಳೆಲೆ ಮುಚ್ಚಿದ ಮುದ್ದೆಯ ತಟ್ಟೆ, ಹಿಂದೆ ಐವತ್ತು ಅರವತ್ತು ಜನ. ದೇವಸ್ಥಾನದ ಬೀದಿಗೆ ಕಾಲಿಟ್ಟಾಗ ಬಾಗಿಲುಗಳು ಮುಚ್ಚತೊಡಗಿದವು. ಒಂದು ಧಡಾರನೆ, ಒಂದು ಮೆಲ್ಲಗೆ. ಒಳಗೆ ಅಗುಳಿ ಬೀಳುವ ಸದ್ದು. ಬೇರೆ ದಿನವಾಗಿದ್ದರೆ ಆ ಒಂದೊಂದು ಸದ್ದೂ ಎದೆಗೆ ಬಡಿಯುತ್ತಿತ್ತು. ಅವತ್ತು ಪಾಪಮ್ಮ ಪ್ರತಿ ಬಾಗಿಲಿಗೂ ‘ಒಳ್ಳೇದಾಗ್ಲಿ’ ಅಂತ ಗೊಣಗುತ್ತ ನಡೆದಳು. ಹಿಂದಿನಿಂದ ಸಣ್ಣಯ್ಯ, ಇಷ್ಟು ದೊಡ್ಡ ಮನೆಯಲ್ಲಿ ಯಾರೂ ಯಾರಿಗೂ ಎಡೆ ಇಟ್ಟಿಲ್ಲ ಕಣಕ್ಕ, ಬೀದಿ ಪೂರ್ತಿ ಬಾಗಿಲು ಅಂದ.

ಪೀಠದ ಮುಂದೆ ಸುನೀತಾ ನೆಲ ಸಾರಿಸಿ ರಂಗೋಲಿ ಎಳೆದಳು. ಬಾಳೆಲೆ ಹಾಸಿ, ಎರಡು ಮುದ್ದೆ ಇಟ್ಟು, ಸಾರು ಬಡಿಸಿದಳು. ಪಾಪಮ್ಮ ಶರ್ಟನ್ನು ಪ್ರತಿಮೆಯ ಹೆಗಲ ಮೇಲೆ ಹೊದಿಸಿದಳು. ಧೂಪಕ್ಕೆ ಕೆಂಡ ಊದಿ, ಹೊಗೆ ಎದ್ದಮೇಲೆ, ಹರಿಯದ ಆ ಎಡಗಿವಿಯ ಹತ್ತಿರ ಬಾಯಿ ತಂದು, ಮನೆಯಲ್ಲಿ ಕರೆಯುವ ದನಿಯಲ್ಲೇ ಕರೆದಳು.

“ದೊರೆ, ತಡ ಆಯ್ತು ಕಣಪ್ಪ. ಉಣ್ಣು ಬಾ.”

ಆಮೇಲೆ ಕೇರಿಯವರೆಲ್ಲ ಬೆನ್ನು ಮಾಡಿ ನಿಂತರು. ಬಾಗಿಲಿಲ್ಲದ ಜಾಗದಲ್ಲಿ ಅವರ ಬೆನ್ನುಗಳೇ ಗೋಡೆ.

ಆಗ ಬೀದಿಯಲ್ಲಿ ಒಂದು ಬಾಗಿಲು ತೆರೆದ ಸದ್ದಾಯಿತು.

ಗಂಗಾಧರಸ್ವಾಮಿ ಜಗಲಿ ಇಳಿದು ಬರುತ್ತಿದ್ದ. ಹಿಂದೆ ಬಾಗಿಲಿನಲ್ಲಿ ಅವನ ತಾಯಿ ಸಿದ್ದಲಿಂಗಮ್ಮ, ಎಂಬತ್ತು ದಾಟಿದ ಮುದುಕಿ, ಏನೋ ಕೂಗಿ ಕರೆದಳು. ಅವನು ತಿರುಗಲಿಲ್ಲ. ಕೇರಿಯವರ ಸಾಲಿನ ಕೊನೆಗೆ ಬಂದು, ಒಂದು ಗಳಿಗೆ ಪ್ರತಿಮೆಯ ಮುಖ ನೋಡಿ, ಅವರ ಹಾಗೇ ಅದಕ್ಕೆ ಬೆನ್ನು ಮಾಡಿ ನಿಂತ. ಅಂದರೆ ತನ್ನ ಬೀದಿಯ ಮುಚ್ಚಿದ ಬಾಗಿಲುಗಳಿಗೆ ಮುಖ ಕೊಟ್ಟು ನಿಂತ. ಪಕ್ಕದಲ್ಲಿದ್ದ ಹುಡುಗರು ಅವನನ್ನು ಕೆಕ್ಕರಿಸಿ ನೋಡಿದರು. ಯಾರೂ ಜಾಗ ಬಿಡಲಿಲ್ಲ, ಯಾರೂ ತಳ್ಳಲೂ ಇಲ್ಲ.

ಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು. ಸಾರಿನ ವಾಸನೆ ಬೀದಿಯುದ್ದಕ್ಕೂ ಹೋಗಿ ಬಾಗಿಲು ಬಾಗಿಲು ಮುಟ್ಟಿ ಬಂತು. ಪಾಪಮ್ಮ ಕಣ್ಣು ಮುಚ್ಚಿ ಎಣಿಸದೆಯೇ ಹೊತ್ತು ಕಳೆದಳು. ಇವತ್ತು ಸಾಕಷ್ಟು ಬಿಡಬೇಕು, ಅವನಿಗೆ ಅವಸರ ಆಗಬಾರದು. ಒಂದು ಗಂಟೆಯಾಯಿತೋ, ಏನೋ. ಸಣ್ಣಯ್ಯ ಕೆಮ್ಮಿದಾಗ ಕಣ್ಣು ತೆರೆದು, ಸಾಕು ಅಂದಳು.

ಜನ ತಿರುಗಿದರು. ಪಾಪಮ್ಮ ಎಲೆಯ ಮುಂದೆ ಕೂತಳು. ಬಗ್ಗಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಕಣ್ಣನ್ನು ಗಡಿಗೆಯ ಮೇಲೆ ನೆಟ್ಟು ಕೂತಳು. ಇದೂ ನುಣ್ಣಗೆ ಇದ್ದುಬಿಟ್ಟರೆ ಇನ್ನು ಎಲ್ಲಿಗೆ ಹೋಗಿ ಹುಡುಕುವುದು?

ಅವಳ ಎದುರಿಗೆ ಯಾರೋ ಬಂದು ನಿಂತರು. ಬಿಳಿ ಪಂಚೆ.

“ಅವ್ವಾ,” ಅಂದ ಗಂಗಾಧರಸ್ವಾಮಿ. “ಎರಡು ಮುದ್ದೆ ಕಟ್ಟಿದ್ದೀಯಾ?”

“ಯಾವತ್ತು ಒಂದೇ ಕಟ್ಟಿದ್ದೆ?”

ಅವನು ಎರಡೂ ಅಂಗೈ ಜೋಡಿಸಿ ಚಾಚಿದ. ಒಂದು ಮುದ್ದೆ ಎಲೆಯ ತುಂಡಿನಲ್ಲಿ ಕಟ್ಟಿಕೊಡು, ಒಂದು ತುತ್ತಾದರೂ ತಿನ್ನುತ್ತೇನೆ ಅಂದ. ಮಾತು ಮುಗಿಯುವ ಮೊದಲೇ ಅವನ ಕಣ್ಣು ಬೀದಿಯ ಕಡೆ ಹೋಗಿ ಬಂತು. ಸುನೀತಾ ಎಲೆಯ ತುಂಡು ಹರಿದಳು. ಪಾಪಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು.

“ಕಟ್ಕೊಡಲ್ಲ. ಕಟ್ಕಂಡು ಒಳೆದಂಡೆಗೆ ಓಗಿ ತಿನ್ನೋ ಕಾಲ ಆಗೋಯ್ತು. ನನ್ ಮಗ ಆಗ ಚಿಕ್ಕೋನು, ನಿನ್ ಮಾನ ಕಾಯ್ದ. ನಾನೂ ಕಾಯ್ದೆ. ಇವತ್ತು ಅವ್ನು ಇಲ್ಲಿ ಊರ್ ಮುಂದೆ ಕುಂತವ್ನೆ. ತಿನ್ನೋದಾದ್ರೆ ಅವ್ನ ಪಕ್ಕ ಕುಂತ್ಕಂಡು ತಿನ್ನು ಗಂಗಾಧರ. ಇಲ್ದಿದ್ರೆ ಬ್ಯಾಡ, ನಂಗೇನೂ ಕೋಪ ಇಲ್ಲ.”

ಹುಟ್ಟಿದಮೇಲೆ ಮೊದಲ ಸಲ ಅವಳು ಅವನ ಹೆಸರು ಹಿಡಿದು ಕರೆದಿದ್ದಳು. ಗಂಗಾಧರಸ್ವಾಮಿ ತನ್ನ ಮನೆಯ ಕಡೆ ನೋಡಿದ. ಸಿದ್ದಲಿಂಗಮ್ಮ ಇನ್ನೂ ಹೊಸಿಲಿನಲ್ಲೇ ನಿಂತಿದ್ದಳು. ಆಚೆ ಮನೆಯ ಕಿಟಕಿಯೊಂದು ಎರಡು ಬೆರಳಿನಷ್ಟು ತೆರೆಯಿತು. ನಂಜುಂಡೇಶನ ಮನೆಯದೇ. ಅವನು ಅದನ್ನೂ ನೋಡಿದ. ಹೆಗಲ ಮೇಲಿನ ವಲ್ಲಿ ತೆಗೆದು ನೆಲಕ್ಕೆ ಹಾಸಲು ಹೋಗಿ, ಹಾಸದೆ ಮಡಚಿ ಪಕ್ಕಕ್ಕಿಟ್ಟು, ಸಾರಿಸಿದ ಹಸಿ ನೆಲದ ಮೇಲೆಯೇ, ಪೀಠಕ್ಕೆ ಭುಜ ತಾಗುವಷ್ಟು ಹತ್ತಿರ, ಚಕ್ಕಂಬಕ್ಕಲ ಹಾಕಿ ಕೂತ.

ಪಾಪಮ್ಮ ಎಲೆಯನ್ನು ಅವನ ಮುಂದಕ್ಕೆ ಸರಿಸಿದಳು. ಅವನು ಬಲಗೈ ಚಾಚಿ ಮುದ್ದೆಗೆ ಬೆರಳಿಟ್ಟ. ಒತ್ತಿ, ಮುರಿಯಲಾಗದೆ ತೆಗೆದು, ಮತ್ತೆ ಒತ್ತಿದ.

ಆಗ ಪಾಪಮ್ಮ ಬಗ್ಗಿ ನೋಡಿದಳು. ಮುದ್ದೆಯ ಮೇಲೆ ನಾಲ್ಕು ಬೆರಳಿನ ಗುರುತು ಆಳವಾಗಿ, ಸಾಲಾಗಿ ಮೂಡಿತ್ತು. ಅವಳು ಅದನ್ನು ಕಣ್ತುಂಬ ನೋಡಿದಳು. ಯಾರ ಬೆರಳು ಅಂತ ಅವಳು ಕೇಳಿಕೊಳ್ಳಲಿಲ್ಲ.

ತುತ್ತು ಸಾರಿನಲ್ಲಿ ಅದ್ದಿ ಅವನು ಬಾಯಿಗೆ ಒಯ್ಯುವಾಗ ಅವಳು ಕೈಚಾಚಿ ಅವನ ಬೆನ್ನ ಮೇಲಿಟ್ಟಳು.

“ಮೆತ್ತಗೆ,” ಅಂದಳು. “ಮುಳ್ಳು ನೋಡ್ಕಂಡು ಉಣ್ಣಪ್ಪ.”